ನಾಲ್ಕು ಟೇಕ್, ನಾಲ್ಕು ಗಂಟು

ಮಂತ್ರಕ್ಕೆ ಮನುಷ್ಯರ ಹೆಸರು ಮಾತ್ರ ಸೇರಿಸಬೇಡಿ ಎಂದು ಶೇಷಪ್ಪ ಎರಡು ಸಲ ಹೇಳಿದ್ದರು. ರಕ್ಷಾ ಎರಡು ಸಲವೂ ತಲೆಯಾಡಿಸಿದ್ದಳು. ಅವಳು ತಲೆಯಾಡಿಸಿದಳೆಂದರೆ ಒಪ್ಪಿಕೊಂಡಳು ಎಂದು ನಂಬುವವರು ಅವಳನ್ನು ಬಲ್ಲವರಲ್ಲ.

ಮೈಸೂರಿನ ಹುಡುಗಿ, ಸಿನಿಮಾ ಕೋರ್ಸಿನ ಕೊನೆಯ ವರ್ಷ. ಪರೀಕ್ಷೆಗೆ ಒಪ್ಪಿಸಬೇಕಾದ ಹತ್ತು ನಿಮಿಷದ ಚಿತ್ರಕ್ಕಾಗಿ ಇಬ್ಬರು ಸಹಪಾಠಿಗಳನ್ನು ಕಟ್ಟಿಕೊಂಡು ಕಳಸದ ಹತ್ತಿರದ ಸಂಸೆಗೆ ಬಂದಿದ್ದಳು. ನಟನೆಗೆ ತನ್ಮಯ್, ಕ್ಯಾಮೆರಾಕ್ಕೆ ಅರ್ಪಿತಾ. ಅರ್ಪಿತಾಳ ಊರೇ ಸಂಸೆ. ಕಾಫಿ ತೋಟ ಅವಳ ಮನೆಯದು, ಮೂರು ಹೊತ್ತಿನ ಊಟ ಅವಳ ಅಮ್ಮನದು, ಶೇಷಪ್ಪನವರನ್ನು ಕಾಡಿಬೇಡಿ ಒಪ್ಪಿಸಿದವಳೂ ಅವಳೇ.

ಶೇಷಪ್ಪ ಹಿಂದೆ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ಈಗ ಸುತ್ತಲಿನ ತೋಟದವರು ಅವರನ್ನು ಕರೆಯುವುದು ಮಂಗನ ಬಾಯಿ ಕಟ್ಟಿಸುವುದಕ್ಕೆ. ಬೆಳಿಗ್ಗೆ ಮಂತ್ರ ಹೇಳುತ್ತ ಬಾಳೆನಾರಿಗೆ ಒಂದು ಗಂಟು ಹಾಕಿ ಕಲ್ಲಿನಡಿ ಇಡುತ್ತಾರೆ. ಅವತ್ತು ಮಂಗಗಳು ಬಾಳೆಗೊನೆಯ ಮೇಲೆ ಕುಳಿತರೂ ಒಂದು ಕಾಯಿ ಕಚ್ಚುವುದಿಲ್ಲ. ಹೊತ್ತು ಮುಳುಗುವ ಮೊದಲು ಅದೇ ಗಂಟನ್ನು ಕೈಯಾರೆ ಬಿಚ್ಚಬೇಕು. ಮಂಗಕ್ಕೂ ಹೊಟ್ಟೆಯಿದೆಯಲ್ಲ ಎನ್ನುವುದು ಅವರ ನ್ಯಾಯ.

ಚಿತ್ರೀಕರಣದ ದಿನ ಬೆಳಿಗ್ಗೆ ಅವರು ಕ್ಯಾಮೆರಾದ ಮುಂದೆ ಮಂಗನ ಹೆಸರಿನಲ್ಲಿ ಕಟ್ಟಿ ತೋರಿಸಿದರು. ರಕ್ಷಾ ಮಂತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು. ಅವರು ಮನೆಗೆ ಹೋದ ಮೇಲೆ ನಾಲ್ಕಾರು ಸಲ ಕೇಳಿ ಬಾಯಿಪಾಠ ಮಾಡಿದಳು. ಚೌತಿ ಹಬ್ಬದ ಶ್ಲೋಕಕ್ಕಿಂತ ಸುಲಭವಿದೆ ಎಂದು ನಕ್ಕಳು.

ಚಿತ್ರದಲ್ಲಿ ಮಾಟಗಾತಿ ಒಬ್ಬ ಯುವಕನ ಬಾಯಿ ಕಟ್ಟುತ್ತಾಳೆ. ಮಾಟಗಾತಿಯ ಕೈ ಮತ್ತು ದನಿ ರಕ್ಷಾಳದೇ. ಹೊಗೆ ಯಂತ್ರಕ್ಕೆ ಗತಿಯಿಲ್ಲದ್ದರಿಂದ ಕಾಫಿ ಹೊಟ್ಟನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದರು. ಹುಳಿ, ಕಹಿ, ಸುಟ್ಟ ವಾಸನೆಯ ಹೊಗೆ ಸಿಲ್ವರ್ ಮರಗಳ ಬುಡದಲ್ಲಿ ಹರಿದಾಡುತ್ತಿತ್ತು. ಮೇಲಿನಿಂದ ಮಂಜು ಇಳಿಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೇ ಹತ್ತು ಮಾರಿನ ಆಚೆ ಏನೂ ಕಾಣುತ್ತಿರಲಿಲ್ಲ.

ಎಲ್ಲ ಸರಿಯಿತ್ತು, ತನ್ಮಯನ ಮುಖವೊಂದು ಬಿಟ್ಟು. ಹೆದರು ಎಂದರೆ ಅವನು ನೆಗಡಿಯಾದವನ ಹಾಗೆ ಕಾಣುತ್ತಿದ್ದ. ಪಾತ್ರದ ಹೆಸರು ಹೇಳಿದರೆ ಇವನೆಲ್ಲಿ ಹೆದರುತ್ತಾನೆ, ಇವನ ಹೆಸರನ್ನೇ ಹೇಳುತ್ತೇನೆ ಎಂದು ರಕ್ಷಾ ಹಟ ಹಿಡಿದಳು.

“ಶೇಷಪ್ಪಜ್ಜ ಅಷ್ಟು ಹೇಳಿದಾರೆ, ಬೇಡ ಕಣೆ,” ಎಂದಳು ಅರ್ಪಿತಾ.

ನಿನ್ನ ಅಜ್ಜ ಪರೀಕ್ಷೆಗೆ ಅಂಕ ಹಾಕುವುದಿಲ್ಲ ಎಂದು ರಕ್ಷಾ ನಾರು ಕೈಗೆತ್ತಿಕೊಂಡಳು. ತನ್ಮಯನ ಹೆಸರು, ಅವನ ಅಮ್ಮನ ಹೆಸರು, ಮಂತ್ರ, ಗಂಟು. ಅವನ ಕಣ್ಣಲ್ಲಿ ಏನೋ ಮಿಣುಕಿತು. ಇನ್ನಷ್ಟು ಬೇಕೆಂದು ಎರಡನೆಯ ಟೇಕ್. ಆಮೇಲೆ ಮೂರನೆಯದು. ಪ್ರತಿ ಟೇಕಿಗೂ ಹೊಸ ನಾರು ಬೇಕು. ಹಳೆಯದನ್ನು ಗಂಟು ಸಮೇತ ಹೊಗೆಯಾಡುವ ಹೊಟ್ಟಿನ ಗುಡ್ಡೆಗೆ ಎಸೆದಳು. ನಾಲ್ಕನೆಯ ಗಂಟು ಬಿಗಿದು ಕಲ್ಲಿನಡಿ ಇಟ್ಟಾಗ ತನ್ಮಯನ ಮುಖದಲ್ಲಿ ಅವಳು ಕೇಳಿದ್ದೆಲ್ಲ ಬಂತು. ಕಣ್ಣು ಅಗಲವಾಯಿತು. ಕುತ್ತಿಗೆಯ ನರ ಉಬ್ಬಿತು.

ಕಟ್ ಎಂದು ಕೂಗಿ ರಕ್ಷಾ ಚಪ್ಪಾಳೆ ತಟ್ಟಿದಳು. ಅರ್ಪಿತಾ ಕ್ಯಾಮೆರಾ ಆರಿಸಿದಳು. ತನ್ಮಯನ ನಟನೆ ಮಾತ್ರ ನಿಲ್ಲಲಿಲ್ಲ.

ಜೀರುಂಡೆಗಳ ಸದ್ದು ಯಾವಾಗ ನಿಂತಿತ್ತೋ ಗೊತ್ತಿಲ್ಲ. ತಲೆಯೆತ್ತಿದರೆ ಮರದ ತುಂಬ ಮಂಗಗಳು. ಒಂದೂ ಅರಚುತ್ತಿಲ್ಲ. ಬಾಯಿ ಮುಚ್ಚಿಕೊಂಡು ತನ್ಮಯನನ್ನೇ ನೋಡುತ್ತ ಕುಳಿತಿವೆ.

ತನ್ಮಯ್ ಎರಡೂ ಕೈಯಿಂದ ತುಟಿ ಕಿತ್ತುಕೊಳ್ಳುತ್ತಿದ್ದ. ತುಟಿ ಬಿಡಲಿಲ್ಲ. ಅರ್ಪಿತಾ ಅವನ ಗಲ್ಲ ಹಿಡಿದು ಎಳೆದಳು. ಬರಲಿಲ್ಲ. ನೀರು ಹಾಕಿದಳು. ನೀರು ಗದ್ದದ ಮೇಲೆ ಹರಿದುಹೋಯಿತು. ಮೂಗಿನ ಹೊಳ್ಳೆಗಳು ಒಳಕ್ಕೆ ಸೇದಿಕೊಳ್ಳುತ್ತಿದ್ದವು. ಉಸಿರು ಸಣ್ಣದಾಗುತ್ತಿತ್ತು.

ಅರ್ಪಿತಾ ಓಡಿದಳು. ಕೆಳಗಿನ ಮನೆಯಿಂದ ಶೇಷಪ್ಪನವರನ್ನು ಎಬ್ಬಿಸಿ ಕಳಿಸಿ, ಕಳಸದ ಆಸ್ಪತ್ರೆಗೆ ಒಯ್ಯಲು ಜೀಪು ಹುಡುಕಿಕೊಂಡು ರಸ್ತೆಗೆ ಹೋದಳು.

ಶೇಷಪ್ಪ ಬಂದವರೇ ಕಲ್ಲೆತ್ತಿ ಗಂಟು ಬಿಚ್ಚಿದರು. ತನ್ಮಯನ ತುಟಿ ಬಿಟ್ಟಿತು. ಕಚ್ಚಿದ ಹಲ್ಲು ಬಿಡಲಿಲ್ಲ.

“ಎಷ್ಟು ಸಲ ಕಟ್ಟಿದ್ರಿ?”

ನಾಲ್ಕು ಎಂದಳು ರಕ್ಷಾ. ಉಳಿದ ಮೂರು ಎಲ್ಲಿ ಎಂದು ಅವರು ಕೇಳುವ ಮೊದಲೇ ಅವಳ ಕಣ್ಣು ಹೊಟ್ಟಿನ ಗುಡ್ಡೆಯ ಕಡೆ ಹೋಯಿತು. ಅವರೂ ನೋಡಿದರು. ಅಷ್ಟು ಹೊತ್ತಿಗೆ ಅದು ಬೂದಿಯಾಗಿತ್ತು.

“ಸುಟ್ಟ ಗಂಟು ಬಿಚ್ಚೋಕೆ ಬರಲ್ಲ ಮಾರಾಯ್ತಿ. ಬೇರೆಯವ್ರ ಮೇಲೆ ಹಾಕ್ಬಹುದು, ಅಷ್ಟೆ. ಹಾಕಿಸ್ಕೊಂಡೋರ ಉಸಿರು ಹೋಗಲ್ಲ, ಉಣ್ಣೋಕೂ ತೊಂದ್ರೆ ಇಲ್ಲ. ಮಾತು ಹೋಗತ್ತೆ. ಹೋದದ್ದು ಬರಲ್ಲ.”

ಈ ಕೆಲಸದಲ್ಲಿ ಕೈಯಿಟ್ಟ ಇನ್ನೊಬ್ಬರ ಹೆಸರು ಕಟ್ಟಿದವಳ ಬಾಯಿಂದಲೇ ಬರಬೇಕು ಎಂದರು. ಬೂದಿಯಲ್ಲಿ ಹೊರಳಿಸಿದ ಹೊಸ ನಾರನ್ನು ಕುಣಿಕೆ ಮಾಡಿ ಹಿಡಿದು ರಕ್ಷಾಳ ಮುಖ ನೋಡಿದರು. ಯಾರ ಹೆಸರು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

“ಬೇಗ ಹೇಳಿ. ಹುಡುಗ ಉಳಿಯಲ್ಲ.”

ತನ್ಮಯ್ ನೆಲಕ್ಕೆ ಬಿದ್ದಿದ್ದ. ಉಗುರು ನೀಲಿ. ಹಿಮ್ಮಡಿ ಮಣ್ಣು ಕೆರೆಯುತ್ತಿತ್ತು. ಕಣ್ಣು ಮಾತ್ರ ಅವಳ ಮೇಲಿತ್ತು.

ರಕ್ಷಾ ಬಾಯಿ ತೆರೆದಳು. ತನ್ನ ಹೆಸರು ನಾಲಗೆಯ ತುದಿಗೆ ಬಂತು. ಸಿನಿಮಾ ಮಾಡುವವಳು ಮಾತಿಲ್ಲದೆ ಏನು ಮಾಡಬೇಕು? ಯಾರಿಗೆ ಏನು ಹೇಳಬೇಕು? ಕ್ಯಾಮೆರಾ ಹಿಡಿಯುವವಳಿಗೆ ಮಾತು ಅಷ್ಟೇನೂ ಬೇಕಾಗುವುದಿಲ್ಲ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೆ ನಾಚಿಕೆ ಬರುವಷ್ಟರಲ್ಲಿ ನಾಲಗೆ ತನ್ನ ಕೆಲಸ ಮುಗಿಸಿತ್ತು.

“ಅರ್ಪಿತಾ.”

ಶೇಷಪ್ಪನವರ ಕೈ ಆ ಹೆಸರಿಗಾಗಿ ಕಾದಿರಲಿಲ್ಲ. ಆದರೂ ಹೆಸರು ಬಿದ್ದೊಡನೆ ಕುಣಿಕೆ ತಾನಾಗಿ ಬಿಗಿಯಿತು. ಕೆಳಗೆ ಮಂಜಿನೊಳಗಿಂದ ಆಗತಾನೆ ಅರ್ಪಿತಾಳ ಕೂಗು ಕೇಳಿಸುತ್ತಿತ್ತು.

“ರಕ್ಷಾ, ಜೀಪ್ ಸಿಕ್...”

ಅಲ್ಲಿಗೇ ನಿಂತಿತು.

ತನ್ಮಯ್ ಬಾಯಿ ಬಿಟ್ಟು ಗಾಳಿ ನುಂಗಿದ. ಕೆಮ್ಮಿದ, ಕಾರಿಕೊಂಡ, ಮತ್ತೆ ಉಸಿರೆಳೆದ. ಶೇಷಪ್ಪ ಬೂದಿಯ ಪಕ್ಕದಲ್ಲೇ ಕುಸಿದರು. ಅರ್ಪಿತಾ ತಾನು ಎತ್ತಿ ಆಡಿಸಿದ ಮಗು ಎಂದಷ್ಟೇ ಹೇಳಿ ತಮ್ಮ ಕೈಗಳನ್ನು ನೋಡಿಕೊಂಡು ಕುಳಿತರು. ರಕ್ಷಾಳತ್ತ ಅವರು ತಿರುಗಲಿಲ್ಲ.

“ನಿನ್ನ ಹೆಸ್ರು ಹೇಳ್ತೀಯ ಅಂದ್ಕೊಂಡಿದ್ದೆ,” ಎಂದ ತನ್ಮಯ್. ಬಾಯಿ ಬಂದ ಮೇಲೆ ಅವನಾಡಿದ ಮೊದಲ ಮಾತು ಅದು.

ಮಂಜಿನಿಂದ ಅರ್ಪಿತಾ ಮೇಲೆ ಬಂದಳು. ಒಂದು ಕೈ ಗಂಟಲ ಮೇಲಿತ್ತು. ತನ್ಮಯ್ ಎದ್ದು ಕುಳಿತದ್ದನ್ನು ಕಂಡು ಅವಳ ಮುಖ ಅರಳಿತು. ಆಮೇಲೆ ನೇರವಾಗಿ ರಕ್ಷಾಳ ಬಳಿಗೆ ಬಂದು ಅವಳ ಕೈ ಹಿಡಿದುಕೊಂಡಳು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನನಗೆ ಏನಾಯಿತು ಎಂದು ಕೇಳುತ್ತಿದ್ದಳು. ರಕ್ಷಾಳಿಗೆ ಬಾಯಿಯಿತ್ತು. ಗೊತ್ತಿಲ್ಲ ಎಂದಳು.