ಮೇಲಿನ ಎರಡು ಹಲಗೆ

2025ರ ಮಾರ್ಚ್ 11, ಮಂಗಳವಾರ, ಬೆಳಗ್ಗೆ ಏಳು ನಲವತ್ತು. ನಾನು ತಟ್ಟುವ ಮೊದಲೇ ಬಾಗಿಲು ತೆರೆಯಿತು.

"ಬಂದ್ರಾ ಡಾಕ್ಟ್ರೇ? ಪೇಶಂಟು ಹಾಲ್‌ನಲ್ಲೇ ಮಲಗಿದೆ."

ಹೀಗೆ ಅಣಕಿಸಿದವಳು ನಿಜವಾದ ನರ್ಸು. ಡ್ಯೂಟಿಗೆ ಹೊರಟಿದ್ದಳು, ಹೇರ್‌ಪಿನ್ನೊಂದು ಇನ್ನೂ ಹಲ್ಲುಗಳ ನಡುವೆ ಇತ್ತು.

ಪೇಶಂಟು ಎಂದರೆ ನಾನು ಹಾಸಬೇಕಿದ್ದ ಹಲಗೆಗಳ ಅಟ್ಟಿ. ತೆಳು ಪದರಗಳನ್ನು ಅಂಟಿಸಿ ಮಾಡಿದ ಮರ. ಹಾಸುವ ಮೊದಲು ಅದು ಆ ಕೋಣೆಯ ಗಾಳಿಗೆ ಒಗ್ಗಬೇಕು. ತೇವವಿರುವಾಗಲೇ ಹಾಸಿದರೆ ಮುಂದೆ ಒಣಗಿ, ಕುಗ್ಗಿ, ಸಂದು ಬಿಡುತ್ತದೆ. ಈ ಮನೆಯಲ್ಲಿ ಸಂದು ಬಿಡುವಂತೆಯೇ ಇರಲಿಲ್ಲ. ಅವಳ ಅಮ್ಮ ಗಾಲಿಕುರ್ಚಿಯಲ್ಲಿದ್ದರು. ಹಳೆಯ ನೆಲದ ಸಂದುಗಳಲ್ಲಿ ಪುಟ್ಟ ಗಾಲಿ ಸಿಕ್ಕಿಕೊಂಡು, ಅಡುಗೆಮನೆಗೆ ಹೋಗುವುದನ್ನೇ ಬಿಟ್ಟಿದ್ದರು.

ತೇವ ಅಳೆಯುವ ಮೀಟರಿನ ಎರಡು ಸೂಜಿಗಳನ್ನು ಮೇಲಿನ ಹಲಗೆಯ ಬೆನ್ನಿಗೆ ಒತ್ತಿದೆ.

"ಜ್ವರ ಎಷ್ಟು?"

"ಹನ್ನೊಂದು. ಎಂಟರ ಹತ್ತಿರ ಬರ್ಬೇಕು."

"ನಿನ್ನೆನೂ ಹನ್ನೊಂದೇ! ನಾನೂ ದಿನಾ ಸೂಜಿ ಚುಚ್ಚೋಳೇ ಕಣ್ರೀ. ಆದ್ರೆ ನಮ್ಮ ಪೇಶಂಟ್‌ಗಳು ಗುಣ ಆಗ್ತಾರೆ." ನಕ್ಕಾಗ ಪಿನ್ನು ಬಿತ್ತು. ಎತ್ತಿಕೊಂಡೆ. "ಇದನ್ನೂ ಅಳೀತೀರಾ?" ಎಂದು ಅಂಗೈ ಚಾಚಿದಳು. ಪಿನ್ನು ಅವಳ ಕೈ ಸೇರಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಹೊಸಿಲಲ್ಲಿ ಅವಳ ಮುಖ ಗಂಭೀರವಾಯಿತು. "ನಾಳೆ ಹಾಸೋಕಾಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ. ಬೇಜಾರು ಮಾಡ್ಕೋಬೇಡಿ. ಅಮ್ಮ ಇನ್ನೆಷ್ಟು ದಿನ ಮೂಲೆ ಹಿಡಿದು ಕೂರೋದು?"

ಅವಳು ಹೋದ ಮೇಲೆ ಅಟ್ಟಿಯನ್ನು ಕೆದಕಿ ಕೆಳಗಿನ ಹಲಗೆಗಳನ್ನೂ ಅಳೆದೆ. ಎರಡನೆಯದೂ ಹನ್ನೊಂದು. ಅದರ ಕೆಳಗಿನವು ಎಂಟು. ಎಂಟು. ಮತ್ತೂ ಎಂಟು. ಗಾಳಿಯಲ್ಲಿ ತೇವವಿದ್ದರೆ ಎಲ್ಲಕ್ಕೂ ತಾಗಬೇಕಿತ್ತು. ಮೇಲಿನ ಎರಡೇ ಯಾಕೆ? ಅದನ್ನು ಮೊದಲ ದಿನವೇ ನೋಡಬೇಕಿತ್ತು. ಗಮನವೆಲ್ಲ ಬಾಗಿಲ ಕಡೆಗಿದ್ದವನಿಗೆ ತೋಚಿದ್ದರೆ ತಾನೇ.

ಗಾಲಿಕುರ್ಚಿಯ ಬೆನ್ನಿಗೆ ಟವೆಲ್ಲೊಂದು ನೇತಾಡುತ್ತಿತ್ತು. ಮುಟ್ಟಿದೆ. ತಣ್ಣಗಿತ್ತು.

"ಅಮ್ಮಾ..."

"ಸಿಕ್ಕಿಬಿದ್ದೆ ಬಿಡಪ್ಪಾ," ಎಂದರು ಅಮ್ಮ. "ಅವಳು ಹೋದ್ಮೇಲೆ ಒದ್ದೆ ಮಾಡಿ ಹಲಗೆಗೆ ಹೊದಿಸ್ತೀನಿ. ಬರೋಷ್ಟರಲ್ಲಿ ತೆಗೀತೀನಿ."

"ನೆಲ ನಿಮಗೋಸ್ಕರಾನೇ ಅಲ್ವಾ?"

"ಅವರಪ್ಪ ಹೋದ್ಮೇಲೆ ಅವಳಿಗೆ ಡ್ಯೂಟಿ ಬಿಟ್ರೆ ನಾನು, ನನ್ನ ಬಿಟ್ರೆ ಡ್ಯೂಟಿ. ನೀನು ಬರೋಕೆ ಶುರು ಮಾಡಿದ್ಮೇಲೆ ಕನ್ನಡಿ ಮುಂದೆ ನಿಲ್ತಾಳೆ, ಒಬ್ಬಳೇ ನಗ್ತಾಳೆ. ನೆಲ ಇವತ್ತಲ್ಲ ನಾಳೆ ಆಗುತ್ತೆ. ನೀನು ಹೋದ್ರೆ ಆ ನಗು ಹೋಗುತ್ತಲ್ಲ?"

ಒಂದೊಂದು ಟವೆಲ್ಲಿಗೆ ಈಕೆ ತಮ್ಮ ಒಂದೊಂದು ದಿನದ ಓಡಾಟ ತೆತ್ತಿದ್ದರು. ಥ್ಯಾಂಕ್ಸ್ ಎಂಬ ಮಾತು ಅದಕ್ಕೆ ಸಾಲದು. ಅವರ ತೇವದ ಕೈ ಹಿಡಿದು ಕೂತೆ.

"ಅವಳಿಗೆ ಹೇಳ್ಬೇಡ."

"ಹೇಳ್ದಿದ್ರೆ ಮರಕ್ಕೆ ಕೆಟ್ಟ ಹೆಸರು ಬರುತ್ತಮ್ಮಾ."

ಮರುದಿನ ಅದೇ ಬಾಗಿಲು. "ಪೇಶಂಟ್ ಹೇಗಿದೆ?"

"ಕಾಯಿಲೆನೇ ಇರ್ಲಿಲ್ಲ. ಮೇಲಿನ ಎರಡಕ್ಕೆ ಯಾರೋ ಒದ್ದೆ ಟವೆಲ್ ಹೊದಿಸ್ತಿದ್ರು."

ಅವಳು ಅಮ್ಮನನ್ನು ನೋಡಿದಳು. ಅಮ್ಮ ಕಿಟಕಿಯಾಚೆ ನೋಡಿದರು.

"ಯಾಕಂತೆ?"

"ನಾನು ಇನ್ನೂ ನಾಲ್ಕು ದಿನ ಬರ್ಲಿ ಅಂತ." ಮೀಟರನ್ನು ಜೇಬಿಗಿಟ್ಟೆ. "ನನಗೂ ಅದೇ ಬೇಕಿತ್ತು. ಇವತ್ತು ಹಾಸಿಬಿಡ್ತೀನಿ. ಆಮೇಲೂ ಬರಬಹುದಾ?"

ಬ್ಯಾಗಿನ ಜಿಪ್ಪನ್ನು ಅವಳು ಎರಡು ಸಲ ತೆರೆದು ಎರಡು ಸಲ ಮುಚ್ಚಿದಳು.

"ಅಮ್ಮಾ, ಹಲಗೆ ಹಾಳಾಗಿದ್ರೆ?"

"ಎರಡೇ ತಾನೇ," ಎಂದರು ಅಮ್ಮ.

ಅವಳಿಗೆ ನಗು ತಡೆಯಲಾಗಲಿಲ್ಲ. ಕಣ್ಣು ಮಾತ್ರ ತುಂಬಿತ್ತು. "ಡಾಕ್ಟ್ರು ಅಂದ್ಮೇಲೆ ಚೆಕಪ್‌ಗೆ ಬರ್ಬೇಕಲ್ವಾ? ಸಂಜೆ ಬನ್ನಿ. ನಾನು ಮನೇಲಿರುವಾಗ."

ಅಂದು ಮುಸ್ಸಂಜೆ ಅಮ್ಮ ಕಿಟಕಿಯಿಂದ ಅಡುಗೆಮನೆಯವರೆಗೆ, ಯಾರೂ ತಳ್ಳದೆ, ಎಲ್ಲೂ ತಡೆಯದೆ ಹೋದರು. ಅಲ್ಲಿಂದ ಪಾತ್ರೆಗಳ ಸದ್ದು ಕೇಳಿದಾಗ ಅವಳು ನನ್ನ ತೋಳು ಹಿಡಿದಳು.

ಒದ್ದೆಯಾಗಿದ್ದ ಎರಡು ಹಲಗೆಗಳ ಜಾಗವನ್ನು ಗೋಡೆಯಂಚಿಗೆ ಖಾಲಿ ಬಿಟ್ಟಿದ್ದೆ. ಅವು ಒಣಗುವವರೆಗೆ ದಿನವೂ ಸಂಜೆ ಹೋದೆ. ಆಮೇಲೆ ಹೋಗಲು ನೆಪ ಬೇಕಾಗಲಿಲ್ಲ. ಕೊನೆಯ ಸಲ ಸೂಜಿ ಚುಚ್ಚಿದವಳು ಅವಳೇ. ಅಂಕಿಯನ್ನು ಅಮ್ಮನಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು: ಶೇಕಡಾ 8.1.