ಪೋಸ್ಟರಿನಲ್ಲಿಲ್ಲದ ಸೊಸೆ

"ನಾಳೆ ಬೆಳಿಗ್ಗೆ ನಾನು ಈ ಮನೆ ಬಿಟ್ಟು ಹೋಗ್ತಿದ್ದೀನಿ. ಮತ್ತೆ ಬರಲ್ಲ."

ಮಧ್ಯಾಹ್ನದ ಊಟದ ಮೇಜಿನ ಬಳಿ, ಬಡಿಸುತ್ತಿದ್ದ ಸೌಟನ್ನು ಕೈಯಲ್ಲೇ ಹಿಡಿದು ಸೊಸೆ ಇಷ್ಟು ಹೇಳಿದಳು. ಹಿರಿಯ ಭಾವ ಬಾಯೊಳಗಿನ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ.

"'ಮತ್ತೆ ಬರಲ್ಲ' ಅನ್ನೋದನ್ನ ಇಷ್ಟು ಬೇಗ ಬಿಟ್ಟುಕೊಡಬೇಡಮ್ಮ. ಪೆಟ್ಟಿಗೆ ಹಿಡ್ಕೊಂಡು ಬಾಗಿಲ ತನಕ ಹೋಗು, ಅಲ್ಲಿ ನಿಂತು ಹೇಳು. ಆಗ ಜನ ನಗ್ತಾರೆ."

ಧ್ವನಿ ಇನ್ನೂ ಸ್ವಲ್ಪ ಕೆಳಗಿಂದ ಎತ್ತಬೇಕಿತ್ತು ಎಂದು ನಾದಿನಿ ಸೇರಿಸಿದಳು. ಅತ್ತೆ ಹೌದೆಂದು ತಲೆಯಾಡಿಸಿದಳು.

ಆ ಮನೆಯ ಅಡ್ಡಹೆಸರು ಕಿವಿಗೆ ಬಿದ್ದರೆ ಸಾಕು, ಊರಿನ ಜನರ ತುಟಿ ತಾನಾಗಿ ಅಗಲವಾಗುತ್ತಿತ್ತು. ಸತ್ತುಹೋದ ಮಾವ ನಾಟಕದ ಹಾಸ್ಯಗಾರ. ಹಿರಿಯ ಮಗ ಒಬ್ಬನೇ ವೇದಿಕೆಯ ಮೇಲೆ ನಿಂತು ಸಭಾಂಗಣವನ್ನೆಲ್ಲ ನಗಿಸುವವನು. ಮಗಳು ರೇಡಿಯೋದ ಮಾತುಗಾರ್ತಿ, ಕಿರಿಯವನು ಜಾದೂಗಾರ. ಗೋಡೆಯ ಮೇಲಿನ ಪೋಸ್ಟರುಗಳಲ್ಲೆಲ್ಲ ಅದೇ ಅಡ್ಡಹೆಸರು. ಜಾದೂಗಾರನ ಹೆಂಡತಿಯಾದ ಈ ಸೊಸೆ ಮದುವೆಗೆ ಮುಂಚೆ ಹೋಟೆಲೊಂದರಲ್ಲಿ ಹಾಡುತ್ತಿದ್ದಳು. ಊಟ ಮಾಡುವವರ ಮುಂದೆ ಹಾಡುವುದು ನಮ್ಮ ಹೆಸರಿಗೆ ಹೊಂದುವುದಿಲ್ಲ ಎಂದು ಅತ್ತೆ ಬಿಡಿಸಿದ್ದಳು. ಹೆಸರು ಕೊಟ್ಟರು, ಬಾಯಿ ಕಿತ್ತುಕೊಂಡರು.

ಹೊಸದೇನು ಹೊಳೆದರೂ ಅದನ್ನು ಮೊದಲು ಊಟದ ಮೇಜಿನಲ್ಲಿ, ಮುನ್ಸೂಚನೆ ಕೊಡದೆ, ನಿಜವೆಂಬಂತೆ ಹೇಳಿ ನೋಡುವುದು ಆ ಮನೆಯ ಕೆಲಸದ ರೀತಿ. ಕೇಳುವವರು ನಗಬಾರದು, ತಿದ್ದಬೇಕು ಅಷ್ಟೆ. ಇಂಥ ಮನೆಯಲ್ಲಿ ಹೆಣ್ಣೊಬ್ಬಳು ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕು? ಹೊಟ್ಟೆ ಉರಿಯುತ್ತಿದೆ ಎಂದರೂ ತಾಲೀಮು, ಸಾಯುತ್ತೇನೆ ಎಂದರೂ ತಾಲೀಮು!

ಅವಳ ಹೊಟ್ಟೆಯಲ್ಲಿದ್ದ ಕೂಸು ಉಳಿದಿರಲಿಲ್ಲ. ಅದಕ್ಕೆಂದು ಹೆಣೆದಿದ್ದ ಅಂಗೈಯಗಲದ ಸ್ವೆಟರನ್ನು ಬೀರುವಿನ ಮೂಲೆಯಲ್ಲಿಟ್ಟಿದ್ದಳು. ಮೊನ್ನೆಯ ಪ್ರದರ್ಶನದಲ್ಲಿ ಭಾವ ಅದನ್ನೂ ಬಿಡಲಿಲ್ಲ. ನಮ್ಮನೆ ಸೊಸೆ ಸ್ವೆಟರ್ ಹೆಣೆದಳು, ಹಾಕಿಕೊಳ್ಳುವವರೇ ಇಲ್ಲ, ಕೊನೆಗೆ ಟೀ ಆರದ ಹಾಗೆ ಕೆಟಲ್‌ಗೆ ತೊಡಿಸಿದೆವು ಎಂದ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಕೂತಿದ್ದ ಗಂಡ ಅವಳ ಕೈ ಹಿಡಿಯಲಿಲ್ಲ… ನಗಲೂ ಇಲ್ಲ. ಅವನ ಪಾಲಿನ ಪೌರುಷ ಅಲ್ಲಿಗೆ ಮುಗಿಯಿತು.

ಈಗ ಊಟದ ಮೇಜಿನಲ್ಲೂ ಅಷ್ಟೆ. ಇದು ತಾಲೀಮಲ್ಲವೆಂದು ಅವನಿಗೆ ಗೊತ್ತಿತ್ತು. ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರುದಿನ ಅವಳು ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದಾಗ ಮನೆಯವರೆಲ್ಲ ತಾಲೀಮು ನೋಡುವ ಮುಖ ಹೊತ್ತು ಕೂತಿದ್ದರು. ಅವಳು ಏನೂ ಹೇಳಲಿಲ್ಲ. ಮೆಟ್ಟಿಲಿಳಿದಳು. ಮಾತಿಲ್ಲದೆ ಹೋಗಿದ್ದು ಚೆನ್ನಾಗಿದೆ ಎಂದು ಭಾವ ಮೆಚ್ಚಿದ. ಅವಳು ತಿರುಗಿ ಬರಲೆಂದು ಎಲ್ಲರೂ ಕಾದರು. ಟೀ ಮೇಲೆ ಕೆನೆ ಕಟ್ಟಿತು. ನಾದಿನಿ ಎದ್ದುಹೋಗಿ ಬೀದಿ ನೋಡಿದಾಗ ಬೀದಿ ಖಾಲಿಯಿತ್ತು.

ಅತ್ತೆ ಅವಳನ್ನು ಹುಡುಕಿ ಬರುವಷ್ಟರಲ್ಲಿ ಬಹಳ ಕಾಲ ಕಳೆದಿತ್ತು. ಲಾಂಡ್ರಿಯ ಮೇಲಿನ ಒಂಟಿ ಕೋಣೆ. ಇಸ್ತ್ರಿಯ ಬಿಸಿ ನೆಲದಿಂದ ಏರುತ್ತಿತ್ತು. ಸೊಸೆ ಮತ್ತೆ ಹೋಟೆಲಿನಲ್ಲಿ ಹಾಡುತ್ತಿದ್ದಳು, ಅಡ್ಡಹೆಸರಿಲ್ಲದೆ. ಗಂಡ ಕೆಳಗೆ ಕಾರಿನಲ್ಲೇ ಕೂತಿದ್ದಾನೆ, ಹತ್ತಿ ಬರಲು ಮುಖವಿಲ್ಲ ಎಂದು ಅತ್ತೆ ಹೇಳಿದಳು. ಸ್ವೆಟರಿನ ಮಾತನ್ನು ದೊಡ್ಡವನ ಪ್ರದರ್ಶನದಿಂದ ತೆಗೆಸಿದ್ದೇನೆ ಎಂದಳು. ಸೊಸೆ ನೀರು ಕೊಟ್ಟು ಎದುರಿಗೆ ಕೂತಳು.

"ಅವತ್ತು ನೀನು ಹೇಳಿದ್ದು ನಿಜ ಅಂತ ನನಗೂ ಗೊತ್ತಾಗಿತ್ತು ಕಣೆ," ಅತ್ತೆಯ ದನಿ ಇಳಿಯಿತು. "ತಮಾಷೆ ಅಂದ್ಕೊಂಡ್ರೆ ಏನೂ ಮಾಡಬೇಕಾಗಿರಲಿಲ್ಲ, ನೋಡು… ನಮ್ಮಮ್ಮ ಹೋದಾಗ ನಾನು ಅತ್ತಿದ್ದನ್ನ ನಿಮ್ಮ ಮಾವ ಬದುಕಿರೋ ತನಕ ನಾಟಕದಲ್ಲಿ ಆಡಿ ತೋರಿಸಿದ್ರು. ಮುಂದಿನ ಸಾಲಲ್ಲಿ ಕೂತು ನಾನೂ ನಗ್ತಿದ್ದೆ. ಆಮೇಲೆ ನನಗೆ ಅಳೋಕೇ ಆಗ್ಲಿಲ್ಲ. ಅವರು ಹೋದಾಗ್ಲೂ ಅಳಲಿಲ್ಲ. ಅತ್ರೆ ಅವರು ಆಡಿದ ಹಾಗೇ ಕಾಣ್ತೀನಲ್ಲ, ನೋಡ್ದೋರು ನಗ್ತಾರಲ್ಲ ಅಂತ…"

"ಇದನ್ನ ಆಗಲೇ ನನಗೆ ಹೇಳಬಾರದಿತ್ತಾ, ಅತ್ತೆ?"

ಅತ್ತೆ ನೀರಿನ ಲೋಟವನ್ನು ನೆಲದ ಮೇಲಿಟ್ಟಳು.

"ನಾನು ವಾಪಸ್ ಬರಲ್ಲ."

"ಬರಬೇಡ."

ಕೆಳಗಿನಿಂದ ಕಾರಿನ ಹಾರ್ನ್ ಕೇಳಿಸಿತು. ಅತ್ತೆ ಏಳಲಿಲ್ಲ. ಅವನು ಬೇಕಾದರೆ ಹೋಗಲಿ, ಇನ್ನೊಂದಿಷ್ಟು ಹೊತ್ತು ಇಲ್ಲೇ ಕೂತಿರಲೇ ಎಂದು ಕೇಳಿದಳು. ಕೇಳುವಾಗಲೇ ಅವಳ ಗಲ್ಲ ನಡುಗತೊಡಗಿತ್ತು.

ಸೊಸೆ ಎದ್ದಳು. ಕಿಟಕಿಯತ್ತ ಮುಖ ಮಾಡಿ, ಮುದುಕಿಗೆ ಬೆನ್ನು ತಿರುಗಿಸಿ ನಿಂತಳು. ಬೆನ್ನ ಹಿಂದೆ ಮೊದಲು ಒಂದು ಬಿಕ್ಕು, ಆಮೇಲೆ ತಡೆಯಿಲ್ಲದೆ ಇನ್ನೊಂದು, ಮತ್ತೊಂದು… ಅದು ಹೇಗೆ ಕಾಣುತ್ತದೆಂದು ನೋಡಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.