ಮನೆಗೊಬ್ಬರು ಹೆದರುವವರು

“ಹಲೋ, ಸಹಾಯವಾಣಿ ಏನ್ರೀ? ನಮ್ಮ ಮನೆಯವರು ತೀರ್ಕೊಂಡಾರ್ರೀ. ಮಧ್ಯಾಹ್ನ ಮೂರೂವರಿಗೆ. ಅವಸರ ಏನಿಲ್ಲ, ನಿಮಗ ಯಾವಾಗ ಅನುಕೂಲ ಆಗತೈತೋ ಅವಾಗ ಗಾಡಿ ಕಳಸ್ರಿ.”

ಧಾರವಾಡದ ಸಂಶೋಧನಾ ಕೇಂದ್ರದ ತನ್ನ ಕೋಣೆಯಲ್ಲಿ ಕುಳಿತು ಡಾ. ಸಂಹಿತಾ ಮುಳಗುಂದ ಈ ಕರೆಯ ಧ್ವನಿಮುದ್ರಣವನ್ನು ಕೊನೆಯವರೆಗೂ ಕೇಳಿದಳು. ಮಾತನಾಡಿದ ಹೆಂಗಸಿನ ದನಿ ಎಲ್ಲಿಯೂ ನಡುಗಿರಲಿಲ್ಲ. ಹುಬ್ಬಳ್ಳಿಯ ವಿಳಾಸವನ್ನು ಪಿನ್‌ಕೋಡ್ ಸಮೇತ ಹೇಳಿ, ಧನ್ಯವಾದ ತಿಳಿಸಿ ಫೋನ್ ಇಟ್ಟಿದ್ದಳು. ಸಂಹಿತಾ ತೆರೆಯ ಮೇಲಿದ್ದ ನಮೂನೆಯಲ್ಲಿ ‘ಮನಃಸ್ಥಿತಿ: ಸಮಾಧಾನ. ಫಲಿತಾಂಶ: ಉತ್ತಮ’ ಎಂದು ತುಂಬಿ ಮುಂದಿನ ಕರೆಗೆ ಹೋದಳು. ಅವಳ ಬಲಗಿವಿಯ ಹಿಂದೆಯೂ ಒಂದು ‘ನಿರಾಳ’ ಅಂಟಿಕೊಂಡಿತ್ತು.

ಅದು 2056ರ ಆಗಸ್ಟ್ ತಿಂಗಳು. ಜನ ಉಬ್ಬಸ ಜ್ವರ ಎಂದು ಕರೆಯುತ್ತಿದ್ದ ಸಾಂಕ್ರಾಮಿಕ ಬಂದು, ಲಾಕ್‌ಡೌನ್ ಏಳನೆಯ ತಿಂಗಳಿಗೆ ಕಾಲಿಟ್ಟಿತ್ತು. ಆ ವೈರಾಣು ಗಾಳಿಯಲ್ಲಿ ಗಂಟೆಗಟ್ಟಲೆ ಬದುಕಿರುತ್ತಿದ್ದುದರಿಂದ ಮನೆಗಳನ್ನು ಹೊರಗಿನಿಂದಲೇ ಮುಚ್ಚಲಾಗಿತ್ತು. ದಿನಸಿ ಬಾಗಿಲಿಗೇ ಬರುತ್ತಿತ್ತು. ಮೊದಲ ತಿಂಗಳು ಜನ ಬಾಲ್ಕನಿಗಳಲ್ಲಿ ನಿಂತು ಹಾಡಿದರು, ಹೊಸ ಅಡುಗೆ ಕಲಿತರು, ವೇಳಾಪಟ್ಟಿ ಹಾಕಿಕೊಂಡು ಯೋಗ ಮಾಡಿದರು. ‘ಧೈರ್ಯವಾಗಿರಿ, ಒಳ್ಳೆಯದನ್ನೇ ಯೋಚಿಸಿ’ ಎಂಬ ಸಂದೇಶಗಳು ಮನೆಮನೆಗೂ ಹರಿದಾಡಿದವು. ಮೂರನೆಯ ತಿಂಗಳಲ್ಲಿ ಅವನ್ನು ತೆರೆದು ಓದುವವರು ಇರಲಿಲ್ಲ. ನಾಲ್ಕನೆಯ ತಿಂಗಳ ಹೊತ್ತಿಗೆ, ಜ್ವರದಿಂದ ಸತ್ತವರಷ್ಟೇ ಜನ ತಾವಾಗಿಯೇ ಜೀವ ಕಳೆದುಕೊಳ್ಳತೊಡಗಿದ್ದರು.

ಆಗ ಸಂಹಿತಾ ರೂಪಿಸಿದ್ದ ‘ನಿರಾಳ’ ಎಂಬ ಸಾಧನವನ್ನು ಸರ್ಕಾರ ಎಲ್ಲರಿಗೂ ಹಂಚಿತು. ನಾಣ್ಯದಷ್ಟು ಅಗಲದ ಬಿಲ್ಲೆ. ಕಿವಿಯ ಹಿಂದೆ ಅಂಟಿಸಿಕೊಂಡರೆ ಆಯಿತು. ಮಿದುಳಿನ ಆಳದಲ್ಲಿ ಬಾದಾಮಿ ಬೀಜದಷ್ಟು ದೊಡ್ಡದೊಂದು ಭಾಗವಿದೆ. ಅಪಾಯ ಕಂಡಾಗ ಎದೆ ಬಡಿದುಕೊಳ್ಳುವಂತೆ, ಅಂಗೈ ಬೆವರುವಂತೆ ಮಾಡುವುದು ಅದೇ. ನಮ್ಮ ಕಿವಿಗೆ ಕೇಳಿಸದ ಶ್ರವಣಾತೀತ ತರಂಗಗಳನ್ನು ಬಿಲ್ಲೆ ಆ ಭಾಗಕ್ಕೆ ಕಳಿಸಿ ಅದನ್ನು ತಣ್ಣಗಿಡುತ್ತಿತ್ತು. ಬುದ್ಧಿ ಮಂಕಾಗುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಹೆದರಿಕೆ, ಹತಾಶೆ ಎರಡು ಮಾತ್ರ ಇಳಿದುಹೋಗುತ್ತಿದ್ದವು. ಬೆಳೆಯುವ ಮಿದುಳಿಗೆ ತೊಂದರೆಯಾದೀತೆಂದು ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುತ್ತಿರಲಿಲ್ಲ. ನಿರಾಳ ಹಂಚಿದ ಆರೇ ವಾರಗಳಲ್ಲಿ ಆತ್ಮಹತ್ಯೆಗಳು ಹೆಚ್ಚುಕಡಿಮೆ ನಿಂತೇಹೋದವು.

ಮೂರು ದಿನಗಳ ನಂತರ ಸಂಹಿತಾಳ ಕಿವಿಯ ಹಿಂದೆ ಚರ್ಮ ಕೆಂಪಗಾಗಿ ಉರಿಯತೊಡಗಿತು. ಬಿಲ್ಲೆಯನ್ನು ಕಿತ್ತಿಟ್ಟು ಮುಲಾಮು ಹಚ್ಚಿಕೊಂಡಳು. ಮರುದಿನ ಆರೋಗ್ಯ ಇಲಾಖೆಯ ಸಭೆಯಲ್ಲಿ ನಿರಾಳದ ಯಶಸ್ಸಿನ ಬಗ್ಗೆ ಅವಳು ಮಾತನಾಡಬೇಕಿತ್ತು. ಒಳ್ಳೆಯ ಉದಾಹರಣೆಯೊಂದನ್ನು ಹುಡುಕುತ್ತ, ಹುಬ್ಬಳ್ಳಿಯ ಆ ಹೆಂಗಸಿನ ಕರೆಯನ್ನೇ ಮತ್ತೊಮ್ಮೆ ಹಾಕಿದಳು.

ಈ ಸಲ ಅವಳಿಗೆ ಬೇರೊಂದು ದನಿ ಕೇಳಿಸಿತು. ಹೆಂಗಸು ಪಿನ್‌ಕೋಡ್ ಹೇಳುತ್ತಿದ್ದಾಗ ಹಿಂದಿನಿಂದ ಮಗುವೊಂದು, ಕೂಗಿ ಕೂಗಿ ಒಡೆದುಹೋದ ಗಂಟಲಿನಲ್ಲಿ, “ಅವ್ವಾ, ಅಪ್ಪನ ಕೈ ಇನ್ನೂ ಬೆಚ್ಚಗೈತಿ ಬೇ, ಡಾಕ್ಟರ್‌ನ ಕರಿ ಬೇ” ಎನ್ನುತ್ತಿತ್ತು.

ಸಂಹಿತಾ ಎದ್ದು ನಿಂತಳು. ಮೂರು ದಿನದ ಹಿಂದೆಯೂ ಈ ಮಾತು ಅವಳ ಕಿವಿಗೆ ಬಿದ್ದಿತ್ತು. ಕೇಳಿಯೂ ಅವಳು ‘ಉತ್ತಮ’ ಎಂದು ಬರೆದಿದ್ದಳು.

ಆ ಮನೆಯಿಂದ ಬಂದ ಉಳಿದ ಕರೆಗಳನ್ನೂ ತೆಗೆಸಿದಳು. ಅದೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಒಂದು, ಹತ್ತೂಕಾಲಿಗೆ ಒಂದು, ಹನ್ನೊಂದೂವರೆಗೆ ಮತ್ತೊಂದು. ಮೂರನ್ನೂ ಮಾಡಿದ್ದು ಹುಡುಗಿ. ಅಪ್ಪನಿಗೆ ಉಸಿರು ಸಿಗುತ್ತಿಲ್ಲ ಎಂದು ಅವಳು ಅಳುತ್ತಿದ್ದಳು. ಮೂರು ಸಲವೂ ಸಿಬ್ಬಂದಿ ಮೃದುವಾಗಿ, ದೊಡ್ಡವರಿಗೆ ಫೋನ್ ಕೊಡಮ್ಮ ಎಂದಿದ್ದರು. ತಾಯಿ ಫೋನ್ ತೆಗೆದುಕೊಂಡು, ಏನಿಲ್ಲ, ಹುಡುಗಿ ಹೆದರಿದ್ದಾಳೆ ಎಂದಿದ್ದಳು. ಸಿಬ್ಬಂದಿಯ ಕಿವಿಯ ಹಿಂದೆಯೂ ನಿರಾಳವಿತ್ತು.

ಮುಚ್ಚಿದ ಮನೆಯೊಳಗೆ ಹೋದವರು ಹದಿನಾಲ್ಕು ದಿನ ಹೊರಬರುವಂತಿಲ್ಲ ಎಂಬುದು ನಿಯಮ. ಸಂಹಿತಾ ಸಭೆಗೆ ಬರುವುದಿಲ್ಲವೆಂದು ತಿಳಿಸಿ, ಎರಡು ಜೊತೆ ಬಟ್ಟೆ ತೆಗೆದುಕೊಂಡು ಹುಬ್ಬಳ್ಳಿಗೆ ಹೊರಟಳು. ತನ್ನ ಬಿಲ್ಲೆಯನ್ನು ಮೇಜಿನ ಮೇಲೆಯೇ ಬಿಟ್ಟಳು.

ಅದು ಇಪ್ಪತ್ತನಾಲ್ಕು ಮನೆಗಳ ಕಟ್ಟಡ. ಸಿಬ್ಬಂದಿ ಹೊರಗಿನ ಬೀಗ ತೆಗೆದಾಗ ಮೂರನೆಯ ಮಹಡಿಯ ಮನೆಯ ಬಾಗಿಲಲ್ಲಿ ನಿಂತಿದ್ದವಳು ಭೂಮಿಕಾ, ನಲವತ್ತರ ಹತ್ತಿರದ ಹೆಂಗಸು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ತೀರಿಹೋದ ಗಂಡ ಸಮರ್ಥ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ.

“ಬರ್ರೀ ಮೇಡಂ, ಕೂಡ್ರಿ. ಚಾ ಮಾಡ್ತೀನಿ,” ಎಂದಳು ಭೂಮಿಕಾ, ನೆಂಟರು ಬಂದಂತೆ.

ಹನ್ನೆರಡು ವರ್ಷದ ಮಗಳು ಇಂಚರಾ ಬಾಗಿಲ ಪಕ್ಕದ ನೆಲದ ಮೇಲೆ ಕುಳಿತಿದ್ದಳು. ಅವಳ ಎರಡೂ ಅಂಗೈ ನೀಲಿಗಟ್ಟಿದ್ದವು.

“ಕೈಗೆ ಏನಾತವ್ವಾ?” ಸಂಹಿತಾ ಕೇಳಿದಳು.

“ಬಾಗಲಾ ಬಡದೆ,” ಎಂದಳು ಹುಡುಗಿ. ಗಂಟಲು ಇನ್ನೂ ಸರಿಹೋಗಿರಲಿಲ್ಲ. “ಫೋನ್‌ನ್ಯಾಗ ಯಾರೂ ಕೇಳವಲ್ರು. ಅದಕ್ಕ ಬಾಗಲಾ ಬಡದೆ. ಆಮ್ಯಾಲೆ ಬಾಲ್ಕನ್ಯಾಗ ನಿಂತು ಒದರಿದೆ. ಮಧ್ಯಾಹ್ನದ ತನಕಾ ಒದರಿದೆ. ಎಲ್ಲಾರೂ ಮನ್ಯಾಗ ಇದ್ರು ಆಂಟಿ. ಎದುರಿನ ಮನಿ ಅಂಕಲ್ ತಮ್ಮ ಬಾಲ್ಕನಿಗೆ ಬಂದು ನೋಡಿದ್ರು. ನಕ್ಕು ಕೈ ಮಾಡಿದ್ರು. ‘ಎಲ್ಲಾ ಛಲೋ ಆಗತೈತಿ ಪುಟ್ಟಾ, ಒಳಗ ಹೋಗು’ ಅಂದ್ರು.”

ಅಡುಗೆಮನೆಯಿಂದ ಚಹಾ ತಂದ ಭೂಮಿಕಾ ತಲೆಯಾಡಿಸಿದಳು. “ಆಕಿ ಹೇಳೂದು ಖರೇ ಐತ್ರಿ. ನಾ ಸುಮ್ನ ಕುಂತಿರಲಿಲ್ಲ. ಅರ್ಧ ತಾಸಿಗೊಮ್ಮೆ ಅವರ ಆಕ್ಸಿಜನ್ ನೋಡಿ ಬರೀತಿದ್ದೆ.” ಒಂದು ನೋಟ್‌ಬುಕ್ ತಂದು ತೋರಿಸಿದಳು. ದುಂಡಗಿನ ಅಕ್ಷರ, ಒಂದೂ ಚಿತ್ತಿಲ್ಲ. ತೊಂಬತ್ತು. ಎಂಬತ್ತನಾಲ್ಕು. ಎಪ್ಪತ್ತೊಂಬತ್ತು. ಎಪ್ಪತ್ತೊಂದು.

“ಎಂಬತ್ತರ ಕೆಳಗ ಹೋದ್ರ ಆರು ತಾಸಿನೊಳಗ ಇಂಜೆಕ್ಷನ್ ಆಗಬೇಕು. ಆದ್ರ ಹತ್ತರಾಗ ಒಂಬತ್ತು ಮಂದಿ ಉಳೀತಾರ. ನಿಮಗ ಗೊತ್ತಿತ್ತೇನ್ರಿ ಅದು?” ಸಂಹಿತಾ ಕೇಳಿದಳು.

“ಗೊತ್ತಿತ್ರೀ. ಟಿ.ವಿ.ಯಾಗ ದಿನಾ ಹೇಳತಿದ್ರಲ್ಲ.” ಭೂಮಿಕಾ ಒಂದು ಕ್ಷಣ ಯೋಚಿಸಿದಳು. “ಗೊತ್ತಿತ್ತು. ಆದ್ರ ಗೊತ್ತಿದ್ದದ್ದು ಯಾಕೋ ಮೈಗೆ ಹತ್ತಲಿಲ್ಲ.”

ಸಂಹಿತಾ ಚಹಾದ ಲೋಟ ಕೆಳಗಿಟ್ಟಳು. ಬಿಲ್ಲೆಯನ್ನು ತೆಗೆದುಬಿಡಿ ಎಂದು ಹೇಳಲೇ ಅವಳು ಬಂದಿದ್ದಳು. ಆದರೆ ಕೇಂದ್ರದ ದಾಖಲೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಮೇ ತಿಂಗಳಲ್ಲಿ, ನಿರಾಳ ಬರುವ ಮೊದಲು, ಭೂಮಿಕಾ ಈ ಮನೆಯ ಬಾಲ್ಕನಿಯ ಕಟ್ಟೆ ಹತ್ತಿ ನಿಂತಿದ್ದಳು. ಸಮರ್ಥ ಓಡಿಹೋಗಿ ಎಳೆದು ತಂದಿದ್ದ. ಅವಳನ್ನು ಈವರೆಗೆ ಬದುಕಿಸಿದ್ದು ಈ ಬಿಲ್ಲೆ. ಸಮರ್ಥನನ್ನು ಸಾಯಲು ಬಿಟ್ಟಿದ್ದೂ ಇದೇ ಬಿಲ್ಲೆ.

“ತಗೀರಿ ಆಂಟಿ ಅದನ್ನ,” ಎಂದಳು ಇಂಚರಾ. “ಅಪ್ಪ ಹೋಗಿ ಐದು ದಿನಾ ಆತು. ಅವ್ವ ಅತ್ತಿಲ್ಲ. ನಾ ಒಬ್ಬಾಕೀನ ಅಳಾಕತ್ತೀನಿ.”

ಸಂಹಿತಾ ಕೇಳಿದಾಗ ಭೂಮಿಕಾ ತಕರಾರು ಮಾಡಲಿಲ್ಲ. ತಕರಾರು ಮಾಡಲೂ ಒಂದಿಷ್ಟು ಕಳವಳ ಬೇಕಲ್ಲ. ಕಿವಿಯ ಹಿಂದೆ ಕೈ ಹಾಕಿ ತಾನೇ ಬಿಲ್ಲೆ ಬಿಡಿಸಿ ಮೇಜಿನ ಮೇಲಿಟ್ಟಳು. ಅದರ ಪರಿಣಾಮ ಪೂರ್ತಿ ಇಳಿಯಲು ಒಂದು ತಾಸು ಹಿಡಿಯುತ್ತದೆ. ಮೂವರೂ ಕಾಯುತ್ತ ಕುಳಿತರು. ಭೂಮಿಕಾ ಜೋಳದ ಹಿಟ್ಟು ಮುಗಿಯುತ್ತ ಬಂದಿರುವುದನ್ನು ಹೇಳಿದಳು. ನಡುವೆ ಒಮ್ಮೆ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದಳು. ಆಮೇಲೆ ನೋಟ್‌ಬುಕ್ ಎಳೆದುಕೊಂಡು, ಲೆಕ್ಕ ತಾಳೆ ನೋಡುವವಳಂತೆ ಗಟ್ಟಿಯಾಗಿ ಓದತೊಡಗಿದಳು. “ತೊಂಬತ್ತು. ಎಂಬತ್ತನಾಲ್ಕು. ಎಪ್ಪತ್ತೊಂಬತ್ತು…”

ಮುಂದಿನ ಅಂಕಿ ಬಾಯಿಂದ ಬರಲಿಲ್ಲ. ಧಡಕ್ಕನೆ ಎದ್ದು, ಕುರ್ಚಿ ಉರುಳಿಸಿ, ಫೋನ್ ಹಿಡಿದು ಸಹಾಯವಾಣಿಗೆ ಕರೆ ಮಾಡಿದಳು.

“ಲಗೂನ ಬರ್ರೀ! ನಮ್ಮ ಮನೆಯವರಿಗೆ ಉಸಿರು ಸಿಗವಲ್ದು! ಎಪ್ಪತ್ತೊಂದಕ್ಕ ಬಂದೈತ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಗಾಡಿ ಕಳಸ್ರಿ, ಲಗೂನ ಕಳಸ್ರೀ!”

ಆ ಕಡೆಯಿಂದ ಸಮಾಧಾನದ ದನಿಯೊಂದು ವಿಳಾಸ ಕೇಳುತ್ತಿತ್ತು. ಇಂಚರಾ ಓಡಿಬಂದು ತಾಯಿಯ ಕೈಯಿಂದ ಫೋನ್ ಬಿಡಿಸಿಕೊಂಡು, ತನ್ನ ಬಾತ ಕೈಗಳಿಂದ ಅವಳ ಸೊಂಟ ಬಳಸಿ ಹಿಡಿದಳು. ಭೂಮಿಕಾ ನೆಲಕ್ಕೆ ಕುಸಿದಳು. ಆಮೇಲೆ ಅವಳು ಅತ್ತ ಅಳುವನ್ನು ಇಪ್ಪತ್ತನಾಲ್ಕು ಮನೆಯವರೂ ಕೇಳಿರಬೇಕು. ಒಂದು ಬಾಗಿಲೂ ಸದ್ದು ಮಾಡಲಿಲ್ಲ.

ಆ ಹದಿನಾಲ್ಕು ದಿನ ಸಂಹಿತಾ ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಲಿಲ್ಲ. ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿದಳು. “ಕೊಟ್ಟುಬಿಡ್ರಿ ಮೇಡಂ, ನನಗ ತಡಕೊಳ್ಳಾಕ ಆಗೂದಿಲ್ಲ,” ಎಂದು ಭೂಮಿಕಾ ದಿನಕ್ಕೆ ಹತ್ತು ಸಲ ಬೇಡುತ್ತಿದ್ದಳು. ಬಿಲ್ಲೆ ಸಂಹಿತಾಳ ಚೀಲದಲ್ಲೇ ಇತ್ತು. ಎರಡು ಸಲ ಅವಳು ಚೀಲದ ಜಿಪ್ ತೆಗೆದು ಮತ್ತೆ ಹಾಕಿದಳು.

ಒಂಬತ್ತನೆಯ ದಿನ ಇಂಚರಾ ತಾನೇ ಆ ಚೀಲಕ್ಕೆ ಕೈಹಾಕಿ ಬಿಲ್ಲೆ ತಂದು ತಾಯಿಯ ಅಂಗೈ ಮೇಲಿಟ್ಟಳು. “ಹಚ್ಕೊ ಅವ್ವಾ. ನೀ ಹಿಂಗ ಇರೂದು ನನಗ ನೋಡಾಕ ಆಗವಲ್ದು.”

ಭೂಮಿಕಾ ಮಗಳ ಮುಖ ನೋಡಿದಳು. “ನಾ ಹಚ್ಕೊಂಡ್ರ ನೀ ಏನ್ ಮಾಡ್ತೀ?”

“ನಾ ಎಚ್ಚರಿರ್ತೀನಿ. ನಿನಗೇನರ ಆದ್ರ ಮತ್ತ ಬಾಗಲಾ ಬಡೀತೀನಿ.”

ಭೂಮಿಕಾ ಬಿಲ್ಲೆಯನ್ನು ಕೆಳಗಿಟ್ಟು ಮಗಳ ಅಂಗೈಗಳನ್ನು ಎಳೆದುಕೊಂಡಳು. ನೀಲಿ ಹೋಗಿ ಹಳದಿ ತಿರುಗಿದ್ದವು. “ಬ್ಯಾಡ,” ಎಂದಳು. “ನೀ ಇನ್ನ ಬಡಿಯೂದು ಬ್ಯಾಡ. ಆ ಕೆಲಸಾ ನಂದು.” ಅಂದು ಅವಳು ಮೊದಲ ಸಲ ಅರ್ಧ ರೊಟ್ಟಿ ತಿಂದಳು.

ಹೊರಬಂದ ಮೇಲೆ ಸಂಹಿತಾ ಆರೋಗ್ಯ ಇಲಾಖೆಯ ಕಾರ್ಯದರ್ಶಿಗೆ ನಡೆದದ್ದನ್ನೆಲ್ಲ ವಿವರಿಸಿದಳು. ಉಳಿದ ಜಿಲ್ಲೆಗಳ ಕರೆಗಳನ್ನೂ ಹುಡುಕಿಸಿದಾಗ ಇಂಥವೇ ನೂರಾರು ಸಿಕ್ಕಿದ್ದವು. ಕಾರ್ಯದರ್ಶಿ ಕಿವಿಯ ಹಿಂದಿನ ಬಿಲ್ಲೆ ತೆಗೆದಿಟ್ಟೇ ಕೇಳಿದ.

“ಪೂರ್ತಿ ನಿಲ್ಲಿಸಿದರೆ ಮೇ ತಿಂಗಳು ವಾಪಸ್ ಬರುತ್ತೆ ಮೇಡಂ,” ಎಂದ ಕೊನೆಗೆ. “ಆ ಹೆಣಗಳನ್ನೂ ನಾವೇ ಎಣಿಸಬೇಕಾಗುತ್ತೆ.”

“ಪೂರ್ತಿ ನಿಲ್ಲಿಸಬೇಡಿ. ಮನೆಯ ದೊಡ್ಡವರಲ್ಲಿ ಒಬ್ಬರಾದರೂ ಹೆದರುವವರು ಇರಲಿ, ಅಷ್ಟೇ ನಾನು ಕೇಳೋದು. ಒಂಟಿಯಾಗಿರುವವರಿಗೆ ಪಕ್ಕದ ಮನೆಯವರು,” ಎಂದಳು ಸಂಹಿತಾ.

ಅಕ್ಟೋಬರ್‌ನಲ್ಲಿ ಆ ನಿಯಮ ಬಂತು. ಬಿಲ್ಲೆ ಹಾಕಿಕೊಳ್ಳದೆ ಉಳಿಯುವವರನ್ನು ‘ಎಚ್ಚರದವರು’ ಎಂದು ಕರೆದರು. ಸಹಾಯವಾಣಿಯಲ್ಲಿ ಕುಳಿತವರೂ ಎಚ್ಚರದವರೇ ಆದರು. ತಡವಾಗಿ ಆಸ್ಪತ್ರೆ ಸೇರಿ ಸಾಯುವವರ ಸಂಖ್ಯೆ ಎರಡೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಇಡೀ ಮನೆಯ ದಿಗಿಲನ್ನು ಒಬ್ಬರೇ ಹೊರುವುದು ಎಲ್ಲರಿಗೂ ಸಾಧ್ಯವಾಗಲಿಲ್ಲ. ಎಚ್ಚರದವರಲ್ಲಿ ಮೂವತ್ತೊಂದು ಜನ ಆ ಚಳಿಗಾಲದಲ್ಲಿ ಜೀವ ಕಳೆದುಕೊಂಡರು. ಆ ಹೆಸರುಗಳನ್ನು ಸಂಹಿತಾ ತನ್ನ ಕೈಯಲ್ಲೇ ಬರೆದಿಟ್ಟುಕೊಂಡಳು. ಎಚ್ಚರದವಳಾಗಿಯೇ ಉಳಿದ ಭೂಮಿಕಾ ಬದುಕಿದಳು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಕೆಲವು ಸಲ ಬರೀ ಅಳುತ್ತಿದ್ದಳು.

ಎಚ್ಚರದವರ ಭಾರ ಹಂಚಲು ದಾರಿ ಹುಡುಕೋಣವೆಂದು ಸಂಹಿತಾ ಅವರೆಲ್ಲರಿಗೂ ಒಂದು ನಮೂನೆ ಕಳಿಸಿದಳು. ತುಂಬಿ ಬಂದ ನಮೂನೆಗಳಲ್ಲಿ ಹತ್ತಕ್ಕೆ ಒಂಬತ್ತು ಹೆಂಗಸರವು. ಮನೆಯವರೆಲ್ಲ ಕೂತು ತೀರ್ಮಾನಿಸಿದ್ದು ಅಪರೂಪ. ಹೆಚ್ಚಿನವರು, ‘ನಾನೇ ಇರುತ್ತೇನೆ ಅಂದೆ, ಯಾರೂ ಬೇಡ ಅನ್ನಲಿಲ್ಲ’ ಎಂದು ಬರೆದಿದ್ದರು. ಎಂದಿನಿಂದ ಎಚ್ಚರದಲ್ಲಿದ್ದೀರಿ ಎಂಬ ಪ್ರಶ್ನೆಗೆ ಎಲ್ಲರೂ ಅಕ್ಟೋಬರ್‌ನ ಯಾವುದೋ ಒಂದು ತಾರೀಖು ಬರೆದಿದ್ದರೆ, ಗದಗಿನ ಕಸ್ತೂರಿ ಎಂಬ ಎಪ್ಪತ್ತು ವರ್ಷದ ಹೆಂಗಸು ‘2020ರ ಮಾರ್ಚ್’ ಎಂದು ಬರೆದಿದ್ದಳು. ಇಸವಿ ತಪ್ಪಾಗಿರಬೇಕೆಂದು ಸಂಹಿತಾ ಅವಳಿಗೆ ಫೋನ್ ಮಾಡಿದಳು.

“ತಪ್ಪಾಗಿಲ್ಲವ್ವಾ,” ಎಂದಳು ಕಸ್ತೂರಿ. “ಆ ವರ್ಷನೂ ಹಿಂಗ ಮನ್ಯಾಗ ಹಾಕಿದ್ರಲ್ಲ, ನೀ ಸಣ್ಣಾಕಿ ಇದ್ದಿರಬೇಕು. ಅವಾಗ ಮನಿಯವರು, ಅತ್ತಿ, ಮಾವ, ಎರಡು ಹುಡುಗರು, ಎಲ್ಲಾರೂ ಮನ್ಯಾಗ. ಕೇರಂ ಆಡಿದ್ರು. ದಿನಾ ಒಂದು ಹೊಸ ತಿನಿಸು ಕೇಳಿದ್ರು. ಈಗೂ ಮಾತು ಬಂದ್ರ, ಆ ದಿನಾ ಎಷ್ಟು ಛಲೋ ಇದ್ದೂ ಅಂತಾರ. ಮಾವಗ ಕೆಮ್ಮು ಬಂದ್ರ ಎದ್ದು ನೋಡತಿದ್ದಾಕಿ ನಾನು. ತಂದ ಹಾಲಿನ ಪಾಕೀಟು ತೊಳೀತಿದ್ದಾಕಿ ನಾನು. ಹುಡುಗರ ಹಣಿ ಮುಟ್ಟಿ ನೋಡತಿದ್ದಾಕಿ ನಾನು. ಬಚ್ಚಲದಾಗ ನಳಾ ಬಿಟ್ಟು ಅತ್ತು, ಮುಖಾ ತೊಳಕೊಂಡು ಹೊರಗ ಬರತಿದ್ದೆ.”

“ಯಾರಿಗೂ ಹೇಳಲಿಲ್ಲೇನ್ರಿ?”

“ಯಾರಿಗೆ ಹೇಳ್ಲಿ? ಎಲ್ಲಾರೂ ನಗಕೋತ ಇದ್ರು. ಮೂವತ್ತಾರು ವರ್ಷ ಆತು. ಯಾರೂ ಕೇಳಿದ್ದಿಲ್ಲ. ಈಗ ನೀ ಕೇಳಿದಿ, ಬರದೆ.”